ಅಜ್ಜಿಯ ಜೋಮಾಲೆಯನ್ನು ನೀರಿಗೆ ಹಾಕುವ ಮುಂಚೆ

ಪ್ರಶ್ನೆ: ನಮ್ಮದು ಕೊಡಗಿನ ವಿರಾಜಪೇಟೆ ಹತ್ತಿರದ ಊರು. ಡಿಸೆಂಬರ್‌ನಲ್ಲಿ ಅಕ್ಕನ ಮಗಳ ಮದುವೆ ಇದೆ. ಅಜ್ಜಿ ಕಾಲದ ಜೋಮಾಲೆ (ಚಿನ್ನದ ಮಣಿಸರ), ಪತ್ತಾಕ್ (ಪದಕದ ಸರ), ಕಾಲಿನ ಬೆಳ್ಳಿ ಸರಪಳಿ, ಅಜ್ಜನ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಅಲಂಕಾರದ ಚಿಕ್ಕ ಕತ್ತಿ), ಒಡಿಕತ್ತಿ ಅನ್ನುವ ದೊಡ್ಡ ಕತ್ತಿಯನ್ನು ಸಿಕ್ಕಿಸುವ ಕೊಕ್ಕೆ ತೋಡಂಗ್ ಎಲ್ಲವನ್ನೂ ಮಳೆಗಾಲ ಕಳೆದ ಮೇಲೆ ಬೀರುವಿನಿಂದ ತೆಗೆದೆ. ಬೆಳ್ಳಿ ಕಪ್ಪಾಗಿದೆ, ಪತ್ತಾಕ್ ಮಂಕಾಗಿದೆ, ತೋಡಂಗ್ ಮೇಲೆ ಹಸಿರು ಕೂತಿದೆ. ಒಬ್ಬರು ಟೂತ್‌ಪೇಸ್ಟ್ ಅಂತಾರೆ, ಇನ್ನೊಬ್ಬರು ಅಲ್ಯೂಮಿನಿಯಂ ಫಾಯಿಲ್ ಮತ್ತು ಸೋಡಾ ಅಂತಾರೆ, ಅತ್ತೆ ಅಂಟುವಾಳಕಾಯಿ ಅಂತಾರೆ. ಇಷ್ಟು ಕಪ್ಪಾಗಿದೆ ಅಂದ್ರೆ ಬೆಳ್ಳಿ ಕಲಬೆರಕೆಯಾ? ಮನೆಯಲ್ಲೇ ತೊಳೆಯಬಹುದಾ ಅಥವಾ ಅಂಗಡಿಗೆ ಕೊಡಬೇಕಾ?

ಉತ್ತರ: ಕಲಬೆರಕೆಯ ಚಿಂತೆ ಬಿಡಿ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಗಾಳಿಯಲ್ಲಿ ಗಂಧಕದ ಅಂಶ ಸ್ವಲ್ಪ ಇದ್ದೇ ಇರುತ್ತದೆ. ಒಲೆಯ ಹೊಗೆ, ಬೇಯಿಸಿದ ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಎಲ್ಲದರಿಂದಲೂ ಅದು ಬರುತ್ತದೆ. ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಅನ್ನುವ ಪದರ ಕಟ್ಟುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಒಡವೆ ಗಟ್ಟಿ ಬರಲಿ ಅಂತ ಬೆಳ್ಳಿಗೆ ಸ್ವಲ್ಪ ತಾಮ್ರ ಸೇರಿಸುತ್ತಾರೆ. 925 ಅಂತ ಮುದ್ರೆ ಇದ್ದರೆ ಸಾವಿರದಲ್ಲಿ 925 ಭಾಗ ಬೆಳ್ಳಿ ಅಂತ ಅರ್ಥ. ತಾಮ್ರ ಜಾಸ್ತಿ ಇದ್ದಷ್ಟೂ ಕಪ್ಪಾಗುವುದು ಬೇಗ, ಅಷ್ಟೇ. ತೇವ ಇದ್ದರಂತೂ ಕೇಳುವುದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವಾಂಶ ಶೇ. 90 ದಾಟುವುದು ಮಾಮೂಲು. ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯುವ ಊರಲ್ಲಿ ಬೆಳ್ಳಿ ಬೆಳ್ಳಗೆ ಉಳಿದರೇ ಆಶ್ಚರ್ಯ.

ನಿಮಗೆ ಸಿಕ್ಕಿರುವ ಮೂರು ಸಲಹೆಗಳ ತೊಂದರೆ ಬೇರೆ. ಮೂರೂ ಜನ ನಿಮ್ಮ ಒಡವೆಯನ್ನು ಬರೀ ಲೋಹ ಅಂದುಕೊಂಡಿದ್ದಾರೆ. ಕೊಡಗಿನ ಹಳೆಯ ಒಡವೆಗಳಲ್ಲಿ ಲೋಹದ ಜೊತೆ ಅರಗು, ದಾರ, ಮುತ್ತು, ಹವಳ, ಮರ, ಉಕ್ಕು ಎಲ್ಲ ಇರುತ್ತವೆ. ನೀರು, ಹುಳಿ, ಸೋಡಾ ತಗುಲಿದರೆ ಮೊದಲು ಹಾಳಾಗುವುದು ಚಿನ್ನ ಬೆಳ್ಳಿ ಅಲ್ಲ, ಇವು. ಹಾಗಾಗಿ ತೊಳೆಯುವ ಮುಂಚೆ ಒಳಗೆ ಏನಿದೆ ಅಂತ ನೋಡಬೇಕು. ಐದನ್ನೂ ಒಂದೇ ಬೋಗುಣಿಗೆ ಹಾಕಿದರೆ ಮುಗೀತು.

ಜೋಮಾಲೆಯಿಂದ ಶುರು ಮಾಡೋಣ. ಮನೆಯಲ್ಲಿ ತೊಳೆದು ಜಾಸ್ತಿ ಹಾಳಾಗುವುದು ಅದೇ. ಒಂದು ಮಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದಾರ ಹೋಗುವ ತೂತಿನ ಅಂಚನ್ನು ನೋಡಿ. ಚಿನ್ನದ ತಗಡು ಕಾಗದದಷ್ಟು ತೆಳುವಾಗಿರುತ್ತದೆ. ಅದರ ಹಿಂದೆ ಕಡುಗೆಂಪು ಅಥವಾ ಕಂದು ಬಣ್ಣದ ಗಟ್ಟಿ ವಸ್ತು ಕಂಡರೆ ಅದು ಅರಗು. ಮಣಿ ನಜ್ಜಾಗದಂತೆ ಒಳಗಿನಿಂದ ಹಿಡಿದು ನಿಲ್ಲಿಸಿರುವುದು ಅದೇ. ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ. ಸೋಡಾ ನೀರಿಗೆ ಕರಗುತ್ತದೆ. ಸ್ಪಿರಿಟ್‌ಗೆ ಇನ್ನೂ ಚೆನ್ನಾಗಿ ಕರಗುತ್ತದೆ. ಹ್ಯಾಂಡ್ ಸ್ಯಾನಿಟೈಸರ್, ಸೆಂಟು ಎರಡರಲ್ಲೂ ಬಹುಪಾಲು ಸ್ಪಿರಿಟ್ಟೇ ಇರುವುದು. ಕೊಡಗಿನ ಮದುವೆ ಅಂದಮೇಲೆ ಇದನ್ನೂ ಹೇಳಬೇಕಲ್ವಾ: ವಿಸ್ಕಿ ಚೆಲ್ಲಿದರೂ ತಕ್ಷಣ ಒರೆಸಿ.

ಅರಗು ಸಡಿಲವಾದರೆ ಮಣಿಯಲ್ಲಿ ಗುಳಿ ಬೀಳುತ್ತದೆ. ಮತ್ತೆ ತುಂಬಿಸುವ ಕೆಲಸ ಎಲ್ಲ ಆಚಾರಿಗಳಿಗೂ ಬರುವುದಿಲ್ಲ. ಅರಗಿಲ್ಲದ ಟೊಳ್ಳು ಮಣಿಯಾದರೂ ನೀರು ಬೇಡ. ಒಳಗೆ ಹೋದ ನೀರು ಸುಲಭಕ್ಕೆ ಹೊರಗೆ ಬರುವುದಿಲ್ಲ. ದಾರದ ಕಥೆಯೂ ಹಾಗೇ. ನೀರು ಕುಡಿದ ದಾರ ಮಣಿಯೊಳಗೆ ದಿನಗಟ್ಟಲೆ ಹಸಿಯಾಗೇ ಇದ್ದು ಕೊಳೆಯುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಒಂದು ದಿನ ಮದುವೆ ಮನೆಯಲ್ಲಿ ಕುತ್ತಿಗೆಯಲ್ಲಿದ್ದಾಗಲೇ ಕಿತ್ತು ಬರುತ್ತದೆ.

ಹಾಗಾದರೆ ಏನು ಮಾಡುವುದು? ಹಳೆ ಪಂಚೆಯ ಮೆತ್ತನೆ ತುಂಡು ತಗೊಳ್ಳಿ. ಒಂದು ಮೂಲೆಯನ್ನು ನೀರಲ್ಲಿ ಅದ್ದಿ, ಒಂದು ಹನಿಯೂ ಉಳಿಯದಂತೆ ಹಿಂಡಿ. ಒಂದೊಂದೇ ಮಣಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಾ ಒರೆಸಿ. ಬಟ್ಟೆಗೆ ಬೂದು ಬಣ್ಣದ ಜಿಡ್ಡು ಹತ್ತುತ್ತದೆ. ಅದು ಬೆವರು, ಪೌಡರು, ಚರ್ಮದ ಎಣ್ಣೆ. ಜೋಮಾಲೆ ಮಂಕಾಗಿ ಕಾಣುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಚಿನ್ನಕ್ಕೆ ಏನೂ ಆಗಿರುವುದಿಲ್ಲ. ಆಮೇಲೆ ಒಣ ಬಟ್ಟೆಯಿಂದ ಒರೆಸಿ, ರಾತ್ರಿಯೆಲ್ಲ ಫ್ಯಾನ್ ಕೆಳಗೆ ಹರಡಿಡಿ. ಬಿಸಿಲಿಗೆ ಬೇಡ, ಒಲೆ ಹತ್ತಿರವೂ ಬೇಡ.

ಪತ್ತಾಕ್‌ಗೆ ಇನ್ನೂ ಜಾಗ್ರತೆ ಬೇಕು. ಮುಂದೆ ನಾಗರ ಹೆಡೆ, ಕೆಂಪು ಕಲ್ಲು, ಮುತ್ತು, ನಡುವೆ ಪವನು ಅನ್ನುವ ಚಿನ್ನದ ನಾಣ್ಯ. ಮೊದಲು ತಿರುಗಿಸಿ ಬೆನ್ನು ನೋಡಿ. ಕಲ್ಲಿನ ಹಿಂಬದಿ ತೆರೆದಿದ್ದು ಬೆಳಕು ಹಾದು ಬಂದರೆ ಒಂದು ಥರ. ಹಿಂಬದಿ ಪೂರ್ತಿ ಮುಚ್ಚಿದ್ದರೆ ಕಲ್ಲಿನ ಕೆಳಗೆ ಹೊಳೆಯುವ ತೆಳು ತಗಡು ಇಟ್ಟಿರುವ ಸಾಧ್ಯತೆ ಜಾಸ್ತಿ. ಹಳೆ ಕಾಲದ ಕೆಲಸದಲ್ಲಿ ಕಲ್ಲಿಗೆ ಆ ಕೆಂಪು ಮಿಂಚು ಬರುವುದು ಈ ತಗಡಿನಿಂದ. ಅಂಚಿನ ಸಂದಿಯಲ್ಲಿ ನೀರು ಇಳಿದರೆ ತಗಡು ಕಪ್ಪಾಗುತ್ತದೆ. ಆಮೇಲೆ ಏನು ಮಾಡಿದರೂ ಆ ಕಲ್ಲು ಹೊಳೆಯುವುದಿಲ್ಲ. ಕಲ್ಲು ಮಂಕಾಯಿತು ಅಂತ ಜನ ಇನ್ನಷ್ಟು ಉಜ್ಜುತ್ತಾರೆ, ಇನ್ನಷ್ಟು ನೀರು ಇಳಿಯುತ್ತದೆ. ಕಲ್ಲು ಬಿಚ್ಚಿ ತಗಡು ಬದಲಿಸುವುದೊಂದೇ ದಾರಿ.

ಮುತ್ತಿನ ಲೆಕ್ಕ ಬೇರೆ. ವಸ್ತು ಎಷ್ಟು ಗಟ್ಟಿ ಅಂತ 1ರಿಂದ 10ರವರೆಗೆ ಅಳೆಯುವ ಮೋಸ್ ಗಡಸು ಅಳತೆಯಲ್ಲಿ ನಿಜವಾದ ಮಾಣಿಕ್ಯ 9ಕ್ಕೆ ಬರುತ್ತದೆ, ಮುತ್ತು ಬರೀ 2.5ರಿಂದ 4.5. ಮುತ್ತು, ಹವಳ ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ, ಹುಣಸೆ, ವಿನೆಗರ್ ಯಾವುದು ಬಿದ್ದರೂ ಮೇಲಿನ ಹೊಳಪು ಕರಗಿಹೋಗುತ್ತದೆ, ಮತ್ತೆ ಬರುವುದಿಲ್ಲ.

ಇನ್ನು ನಡುವಿನ ನಾಣ್ಯ. ಹಳೆ ಪತ್ತಾಕ್‌ಗಳಲ್ಲಿ ಬ್ರಿಟಿಷ್ ಕಾಲದ ಸಾವರಿನ್ ಇರುವುದುಂಟು. 22 ಕ್ಯಾರಟ್, ತೂಕ ಹತ್ತಿರಹತ್ತಿರ 7.99 ಗ್ರಾಂ. ನಾವು ಇವತ್ತಿಗೂ ಪವನು ಅಂದರೆ 8 ಗ್ರಾಂ ಅನ್ನುವುದು ಅದರ ಲೆಕ್ಕದಲ್ಲೇ. ನಾಣ್ಯದ ಮೇಲಿನ ಮುಖ, ಅಕ್ಷರ, ಇಸವಿ ಎಲ್ಲ ಕೂದಲೆಳೆಯಷ್ಟು ಎತ್ತರ ಇರುತ್ತವೆ. ಪ್ರತಿ ಸಲ ಪಾಲಿಶ್ ಮಾಡಿದಾಗ ಮೊದಲು ಸವೆಯುವುದು ರಾಣಿಯ ಮೂಗು ಮತ್ತು ಕೂದಲು. ನಾಣ್ಯ ಸಂಗ್ರಹಿಸುವವರು ಪಾಲಿಶ್ ಮಾಡಿದ ಸಾವರಿನ್‌ಗೆ ಕಡಿಮೆ ಬೆಲೆ ಕೊಡುವುದು ಇದಕ್ಕೇ. ಹೆಡೆಯ ಗೆರೆಗಳಲ್ಲಿ, ಅಕ್ಷರಗಳ ಸಂದಿಯಲ್ಲಿ ಇರುವ ತೆಳು ಕಪ್ಪನ್ನು ಬಿಟ್ಟುಬಿಡಿ. ಕೆತ್ತನೆ ಎದ್ದು ಕಾಣುವುದೇ ಆ ನೆರಳಿನಿಂದ.

ಪತ್ತಾಕ್‌ಗೆ ಬೇಕಾದದ್ದು ಇಷ್ಟೇ: ಮಕ್ಕಳು ಬಣ್ಣ ಹಚ್ಚುವ ಮೆತ್ತನೆ ಬ್ರಶ್, ಹೊಸದು. ಅದರಿಂದ ಧೂಳು, ಕುಂಕುಮ ಕೊಡವಿ. ಬರೀ ಚಿನ್ನ ಇರುವ ಜಾಗವನ್ನು ಕಿವಿ ಚೊಕ್ಕ ಮಾಡುವ ಹತ್ತಿ ಕಡ್ಡಿಯನ್ನು ಸ್ವಲ್ಪವೇ ಒದ್ದೆ ಮಾಡಿ ಒರೆಸಿ. ಕಲ್ಲಿನ ಅಂಚಿಗೆ ಹೋಗಬೇಡಿ. ಅರ್ಧಚಂದ್ರ ಪದಕದ ಕೊಕ್ಕೆತಾತಿ ಇದ್ದರೆ ಅದಕ್ಕೂ ಇದೇ ನಿಯಮ. ಒಂದು ಮಾತು: ನಿಮ್ಮದು ಬೆಳ್ಳಿಯ ಮೇಲೆ ಚಿನ್ನದ ನೀರು ಹಾಕಿದ್ದೋ, ಒಂದು ಗ್ರಾಂ ಗೋಲ್ಡೋ ಆಗಿದ್ದರೆ ಒಣ ಬಟ್ಟೆ ಬಿಟ್ಟು ಬೇರೆ ಏನೂ ಬೇಡ. ಆ ಪದರ ಉಜ್ಜಿದಷ್ಟೂ ಹೋಗುತ್ತದೆ.

ಈಗ ಕಾಲಿನ ಬೆಳ್ಳಿ ಸರಪಳಿ. ಕಲ್ಲು ಮುತ್ತು ಇಲ್ಲದ ಗಟ್ಟಿ ಬೆಳ್ಳಿ ಅಲ್ವಾ? ಇದನ್ನು ಧೈರ್ಯವಾಗಿ ತೊಳೆಯಿರಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಹತ್ತು ನಿಮಿಷ ನೆನೆಸಿ, ಮಕ್ಕಳ ಮೆತ್ತನೆ ಟೂತ್‌ಬ್ರಶ್‌ನಿಂದ ಕೊಂಡಿಕೊಂಡಿಯ ಸಂದಿ ಉಜ್ಜಿ. ಸಿಂಕಿನ ಬಾಯಿಗೆ ಟೀ ಸೋಸುವ ಜಾಲರಿ ಇಟ್ಟುಕೊಳ್ಳಿ, ಸಡಿಲ ಗೆಜ್ಜೆ ಇದ್ದರೆ ಮೋರಿಗೆ ಹೋಗಬಾರದು. ಇಷ್ಟಕ್ಕೇ ಅರ್ಧ ಕಪ್ಪು ಜಿಡ್ಡಿನ ಜೊತೆ ಹೋಗುವುದುಂಟು.

ಉಳಿದ ಕಪ್ಪಿಗೆ ಫಾಯಿಲ್ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಹೊಳೆಯುವ ಬದಿ ಯಾವ ಕಡೆ ಇದ್ದರೂ ಸರಿ. ಬೆಳ್ಳಿಯನ್ನು ಫಾಯಿಲ್‌ಗೆ ತಾಗುವ ಹಾಗೆ ಇಡಿ. ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಸುರಿಯಿರಿ. ಸ್ವಲ್ಪ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬರುತ್ತದೆ. ಗಂಧಕ ಬೆಳ್ಳಿಯನ್ನು ಬಿಡುತ್ತಿದೆ ಅಂತ ಅರ್ಥ. ಬೆಳ್ಳಿ ಸವೆಯುವುದಿಲ್ಲ, ಕಪ್ಪಾಗಿದ್ದ ಪದರವೇ ಮತ್ತೆ ಬೆಳ್ಳಿಯಾಗುತ್ತದೆ. ಎರಡು ಮೂರು ನಿಮಿಷಕ್ಕೆ ತೆಗೆದು, ಒಳ್ಳೆ ನೀರಲ್ಲಿ ತೊಳೆದು, ಒರೆಸಿ, ಚೆನ್ನಾಗಿ ಒಣಗಿಸಿ.

ಆದರೆ ಈ ಉಪಾಯಕ್ಕೆ ಯಾವ ಕಪ್ಪು ಬೇಕು, ಯಾವುದು ಬೇಡ ಅನ್ನುವುದು ಗೊತ್ತಾಗುವುದಿಲ್ಲ. ಆಚಾರಿ ಬೇಕಂತಲೇ ಕೆತ್ತನೆಯ ತಗ್ಗಿನಲ್ಲಿ ಹಾಕಿದ ಕಪ್ಪನ್ನೂ ಎತ್ತಿಬಿಡುತ್ತದೆ, ಒಡವೆ ಚಪ್ಪಟೆಯಾಗಿ ಕಾಣುತ್ತದೆ. ಅರಗು, ಕಲ್ಲು, ಮುತ್ತು, ದಾರ ಇರುವ ಯಾವುದಕ್ಕೂ ಇದು ಬೇಡವೇ ಬೇಡ. ಪೀಚೆಕತ್ತಿಗಂತೂ ನೆನಪಲ್ಲೂ ಬೇಡ.

ಟೂತ್‌ಪೇಸ್ಟ್ ಪೂರ್ತಿ ಬಿಡಿ. ಅದನ್ನು ಮಾಡಿರುವುದು ಹಲ್ಲಿನ ಎನಾಮೆಲ್‌ಗೆ, ಅದರ ಗಡಸು 5. ಬೆಳ್ಳಿಯದು 2.5. ಮೊದಲ ಸಲ ಫಳಫಳ ಹೊಳೆಯುತ್ತದೆ, ನಿಜ. ಭೂತಗನ್ನಡಿ ಹಿಡಿದು ನೋಡಿದರೆ ಮೈ ತುಂಬ ಸಣ್ಣ ಗೀರು. ಆ ಗೀರುಗಳಲ್ಲಿ ಮುಂದಿನ ಮಳೆಗಾಲದ ಕಪ್ಪು ಇನ್ನೂ ಬೇಗ ಕೂರುತ್ತದೆ. ಬಿಳಿ ಪೇಸ್ಟು ನಕ್ಷಿಯೊಳಗೆ ಒಣಗಿ ಗಟ್ಟಿಯಾದರೆ ಅದನ್ನು ಸೂಜಿಯಿಂದ ಕೆರೆಯುವ ಇನ್ನೊಂದು ಗೋಳು. ವಿಭೂತಿಯಿಂದ ಉಜ್ಜುವ ರೂಢಿಯೂ ಇದೆ. ದೇವರ ಮನೆಯ ನಯವಾದ ಬೆಳ್ಳಿ ತಟ್ಟೆಗೆ ನುಣುಪು ವಿಭೂತಿ ಪರವಾಗಿಲ್ಲ, ನಕ್ಷಿ ಇರುವ ಒಡವೆಗೆ ಬೇಡ. ಪೀತಾಂಬರಿ ಪುಡಿ ಹಿತ್ತಾಳೆ ಪಾತ್ರೆಗಷ್ಟೇ ಇರಲಿ.

ಅತ್ತೆಯವರ ಅಂಟುವಾಳಕಾಯಿ ಮೂರರಲ್ಲಿ ಒಳ್ಳೆಯ ಸಲಹೆ. ಚಿನ್ನದ ಕೆಲಸ ಮಾಡುವವರು ಹಿಂದಿನಿಂದಲೂ ಬಳಸಿದ ಸೋಪು ಅದು. ನಾಲ್ಕು ಕಾಯಿ ಬೀಜ ತೆಗೆದು ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸಿಪ್ಪೆಯ ಚೂರು ಸಂದಿಯಲ್ಲಿ ಕೂರುತ್ತದೆ. ದಿನವೂ ಹಾಕುವ ಬಳೆ, ಸರ, ಕಲ್ಲಿಲ್ಲದ ಓಲೆಗೆ ಬಹಳ ಚೆನ್ನ. ಆದರೆ ಅದು ತೆಗೆಯುವುದು ಜಿಡ್ಡನ್ನು, ಬೆಳ್ಳಿಯ ಕಪ್ಪನ್ನಲ್ಲ. ಅದರ ನೀರಿಗೆ ಸ್ವಲ್ಪ ಹುಳಿ ಗುಣವೂ ಇದೆ, ಹಾಗಾಗಿ ಮುತ್ತನ್ನು ಅದರಲ್ಲಿ ನೆನೆಸಬೇಡಿ. ಅತ್ತೆಗೆ ಅರ್ಧ ಗೆಲುವು ಕೊಡಬಹುದು.

ಪೀಚೆಕತ್ತಿಯನ್ನು ಒಡವೆ ಅನ್ನುವುದಕ್ಕಿಂತ ಕತ್ತಿ ಅಂತಲೇ ನೋಡಿ. ಒರೆಯ ಮೇಲೆ ಬೆಳ್ಳಿ ಚಿನ್ನದ ಕೆಲಸ, ಒಳಗೆ ಮರ, ಅದರೊಳಗೆ ಉಕ್ಕಿನ ಅಲಗು. ನೀರಲ್ಲಿ ಅದ್ದಿದರೆ ಮರ ಉಬ್ಬುತ್ತದೆ, ಬೆಳ್ಳಿಯ ಕಟ್ಟು ಸಡಿಲವಾಗುತ್ತದೆ, ಅಲಗು ತುಕ್ಕು ಹಿಡಿದು ಒರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಿದ್ದರೆ ಬಲವಂತವಾಗಿ ಎಳೆಯಬೇಡಿ. ಬಾಯಿಗೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟು ಒಂದು ದಿನ ಕಾಯಿರಿ. ಹೊರಗೆ ಬಂದ ಅಲಗನ್ನು ಒಣ ಬಟ್ಟೆಯಿಂದ ಒರೆಸಿ, ಅದೇ ಎಣ್ಣೆಯ ತೆಳು ಪದರ ಹಚ್ಚಿ. ತೆಂಗಿನೆಣ್ಣೆ ಬೇಡ, ಕೆಲವು ತಿಂಗಳಿಗೆ ಕಮಟು ಹಿಡಿದು ಅಂಟಂಟಾಗುತ್ತದೆ. ಒರೆಯ ಬೆಳ್ಳಿಗೆ ಅಂಗಡಿಯಲ್ಲಿ ಸಿಗುವ ಬೆಳ್ಳಿ ಪಾಲಿಶ್ ಬಟ್ಟೆ ಸಾಕು. ಎತ್ತರದ ಭಾಗಕ್ಕೆ ಮಾತ್ರ ಮೆಲ್ಲಗೆ ಒರೆಸಿ. ಕೈಲ್ ಪೊಳ್ದ್ ಹಬ್ಬದ ದಿನ ಆಯುಧಗಳಿಗೆ ಗಂಧ ಹಚ್ಚಿ ತೋಕ್ ಪೂ (ಕೋವಿ ಹೂ) ಇಡುತ್ತೇವಲ್ಲ, ಆ ಗಂಧ ಒಣಗಿ ಕೆತ್ತನೆಯಲ್ಲೇ ಉಳಿದು ಮುಂದಿನ ವರ್ಷದವರೆಗೂ ತೇವ ಹೀರುತ್ತಾ ಕೂತಿರುತ್ತದೆ. ಪೂಜೆ ಆದ ಮಾರನೇ ದಿನ ಬ್ರಶ್ ಹಾಕಿ ಕೊಡವುವುದು ರೂಢಿ ಮಾಡಿಕೊಳ್ಳಿ. ಕನ್ನಿ ಪೂಜೆಗೆ ಕಾವೇರಮ್ಮನಿಗೆ ಹಾಕಿದ ಪತ್ತಾಕ್‌ಗೂ ಅಷ್ಟೇ, ಕುಂಕುಮ ಅರಿಸಿನದ ಸಮೇತ ಡಬ್ಬಿಗೆ ಹಾಕಬೇಡಿ.

ತೋಡಂಗ್ ಮೇಲೆ ಹಸಿರು ಕೂತಿದೆ ಅಂದರೆ ಅದು ಹಿತ್ತಾಳೆ ಇರಬೇಕು, ಅಥವಾ ತಾಮ್ರ ಜಾಸ್ತಿ ಇರುವ ಬೆಳ್ಳಿ. ಹಿತ್ತಾಳೆಯಾದರೆ ಹುಣಸೆ ನೀರು ಸಾಕು. ಆದರೆ ಹಚ್ಚಿ ಮರೆತು ಕಾಫಿ ಕುಡಿಯಲು ಹೋಗಬೇಡಿ. ಜಾಸ್ತಿ ಹೊತ್ತು ಬಿಟ್ಟರೆ ಹುಳಿ ಹಿತ್ತಾಳೆಯಲ್ಲಿರುವ ಸತುವನ್ನು ಎಳೆದುಬಿಡುತ್ತದೆ, ತಾಮ್ರ ಉಳಿದು ಗುಲಾಬಿ ಬಣ್ಣದ ಮಚ್ಚೆಗಳಾಗುತ್ತವೆ. ಒಂದೆರಡು ನಿಮಿಷ ಉಜ್ಜಿ, ತೊಳೆದು, ಸೋಡಾ ನೀರಲ್ಲಿ ಒಮ್ಮೆ ಅದ್ದಿ, ಮತ್ತೆ ತೊಳೆದು ಒಣಗಿಸಿ. ಕಾಚಂಪುಳಿ (ಅಡುಗೆಗೆ ಬಳಸುವ ಹಣ್ಣಿನ ಹುಳಿ ರಸ) ಹಚ್ಚಿದರೆ ಫಳಫಳ ಅಂತ ಹೇಳುವವರೂ ಸಿಗುತ್ತಾರೆ. ಹುಳಿ ಅಂದಮೇಲೆ ಕೆಲಸ ಮಾಡುತ್ತದೆ, ಆದರೆ ಅಂಟು, ಕಪ್ಪು ಬಣ್ಣ, ಮತ್ತೆ ಇವತ್ತಿನ ಬೆಲೆ! ಅದು ಪಂದಿ ಕರಿಗೇ ಇರಲಿ. ಒಣಗಿದ ಹಿತ್ತಾಳೆಗೆ ಜೇನುಮೇಣವನ್ನು ಬಟ್ಟೆಗೆ ಉಜ್ಜಿಕೊಂಡು ತೆಳುವಾಗಿ ಸವರಿದರೆ ಹಸಿರು ಬೇಗ ಮರಳಿ ಬರುವುದಿಲ್ಲ.

ನನ್ನ ಕೇಳಿದರೆ, ಈ ತೊಳೆಯುವುದೆಲ್ಲ ಎರಡನೇ ಮಾತು. ಕೊಡಗಿನಲ್ಲಿ ಒಡವೆ ಉಳಿಯುವುದು ಇಡುವ ರೀತಿಯಲ್ಲಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಒಂದು ಒಣ ಹಗಲು ನೋಡಿ ಎಲ್ಲವನ್ನೂ ತೆಗೆದು, ಒರೆಸಿ, ಬೇರೆಬೇರೆ ಇಡಿ. ಬೆಳ್ಳಿಯನ್ನು ತೊಳೆದ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿ ಆಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಂದರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಸೀಮೆಸುಣ್ಣದ ತುಂಡು, ಅಕ್ಕಿ ಇಡುವವರಿದ್ದಾರೆ. ನಮ್ಮ ಮಳೆಯ ಮುಂದೆ ಅವು ಏನೂ ಅಲ್ಲ. ಮುತ್ತಿರುವ ಒಡವೆಯನ್ನು ಮಾತ್ರ ಸಿಲಿಕಾ ಜೆಲ್ ಜೊತೆ ಇಡಬೇಡಿ, ಅತಿಯಾಗಿ ಒಣಗಿದರೆ ಮುತ್ತು ಬಿರುಕು ಬಿಡುತ್ತದೆ. ಅದನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ.

ರಬ್ಬರ್ ಬ್ಯಾಂಡ್ ಸುತ್ತಿಡುವುದು ಬೆಳ್ಳಿಗೆ ದೊಡ್ಡ ಶತ್ರು. ಬ್ಯಾಂಡ್ ಇದ್ದ ಜಾಗದಲ್ಲಿ ಸರಿಯಾಗಿ ಒಂದು ಕಪ್ಪು ಪಟ್ಟಿ ಬೀಳುತ್ತದೆ. ಉಣ್ಣೆ ಶಾಲಿನೊಳಗೂ ಸುತ್ತಬೇಡಿ. ಬ್ಯಾಂಕ್ ಲಾಕರ್‌ನಲ್ಲಿ ಇಟ್ಟರೆ ತೇವ ಇರುವುದಿಲ್ಲ ಅನ್ನುವ ನಂಬಿಕೆಯೂ ಬೇಡ. ಕೆಲವು ಲಾಕರ್ ಕೋಣೆಗಳಲ್ಲಿ ನಮ್ಮ ಸ್ಟೋರ್ ರೂಮಿಗಿಂತ ತೇವ ಜಾಸ್ತಿ. ಮಳೆ ನಿಂತ ಮೇಲೆ, ಅಕ್ಟೋಬರ್ ನಡುವೆ ಬರುವ ತುಲಾ ಸಂಕ್ರಮಣದ ಹೊತ್ತಿಗೆ ಒಮ್ಮೆ ತೆರೆದು ನೋಡಿ.

ಅಂಗಡಿಗೆ ಕೊಡಬೇಕಾ ಅಂದಿರಿ. ಕಲ್ಲು ಅಲುಗಾಡುತ್ತಿದ್ದರೆ, ಅರಗು ಸಡಿಲವಾಗಿದ್ದರೆ, ದಾರ ಹಳತಾಗಿದ್ದರೆ ಕೊಡಿ. ಪತ್ತಾಕ್ ಅನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಸಡಿಲ ಕಲ್ಲಿನ ಟಿಕ್ ಟಿಕ್ ಕೇಳುತ್ತದೆ. ಬರೀ ಹೊಳಪಿಗಾಗಿ ಕೊಡಬೇಡಿ. ಮಷಿನ್ ಪಾಲಿಶ್‌ನಲ್ಲಿ ಪ್ರತಿ ಸಲ ಸ್ವಲ್ಪ ಚಿನ್ನ ಹೋಗುತ್ತದೆ. ಕೊಡುವ ಮುಂಚೆ ನಿಮ್ಮ ಎದುರೇ ತೂಕ ಹಾಕಿಸಿ, ಹಿಂದೆ ಮುಂದೆ ಫೋಟೋ ತೆಗೆದುಕೊಳ್ಳಿ, ಅಲ್ಟ್ರಾಸಾನಿಕ್ ಮಷಿನ್‌ಗೆ ಹಾಕಬೇಡಿ ಅಂತ ಬಾಯಿಬಿಟ್ಟು ಹೇಳಿ. ಅರಗು, ತಗಡು, ಮುತ್ತು ಮೂರಕ್ಕೂ ಅದು ಆಗದು. ಹಾಲ್‌ಮಾರ್ಕ್ ಇಲ್ಲದ ಹಳೆ ಒಡವೆ ಇಟ್ಟುಕೊಳ್ಳುವಂತಿಲ್ಲ, ಕರಗಿಸಿ ಹೊಸದು ಮಾಡಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಅನ್ನುವ ಗುರುತು ಸಂಖ್ಯೆ ಕಡ್ಡಾಯವಾಗಿರುವುದು ಅಂಗಡಿಯವರು ಮಾರುವ ಚಿನ್ನದ ಒಡವೆಗೆ. ಮನೆಯಲ್ಲಿರುವ ಹಳೆಯದಕ್ಕಲ್ಲ.

ಮನೆ ಬಾಗಿಲಿಗೆ ಬಂದು ಚಿನ್ನ ತೊಳೆದು ಕೊಡ್ತೀವಿ ಅನ್ನುವವರನ್ನು ಗೇಟಿನಿಂದಲೇ ಕಳಿಸಿ. ಅವರ ಬಟ್ಟಲಲ್ಲಿ ಆಮ್ಲ ಇರುತ್ತದೆ. ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲ ಸೇರಿದರೆ ಚಿನ್ನವೇ ಕರಗುತ್ತದೆ. ನಿಮ್ಮ ಬಳೆ ಹೊಳೆಯುತ್ತಾ ವಾಪಸ್ ಬರುತ್ತದೆ, ಹೋದ ಗ್ರಾಂ ಅವರ ಬಟ್ಟಲಲ್ಲಿ ಉಳಿಯುತ್ತದೆ.

ಮದುವೆ ದಿನ ಹುಡುಗಿಗೆ ಪೌಡರು, ಸೆಂಟು, ಹೇರ್ ಸ್ಪ್ರೇ ಎಲ್ಲ ಮುಗಿದು ಒಣಗಿದ ಮೇಲೆ ಕೊನೆಗೆ ಜೋಮಾಲೆ ಹಾಕಿ. ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಬೆವರು ಒರೆಸಿಯೇ ಡಬ್ಬಿಗೆ ಇಡಿ. ಜೋಮಾಲೆಯ ದಾರವನ್ನು ಈಗಲೇ ಪರೀಕ್ಷಿಸಿ. ಮಣಿಗಳ ನಡುವೆ ದಾರ ಸುಕ್ಕಾಗಿ ಎಳೆ ಬಿಟ್ಟಿದ್ದರೆ, ಮಣಿಗಳನ್ನು ಎಣಿಸಿ ಬರೆದಿಟ್ಟುಕೊಂಡು ಹೊಸದಾಗಿ ಪೋಣಿಸಲು ಈ ವಾರವೇ ಕೊಡಿ. ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದು ಮದುವೆಗಳೂ ಸಾಲು ಹಿಡಿದರೆ ಆಚಾರಿಗಳ ಕೈ ಖಾಲಿ ಸಿಗುವುದಿಲ್ಲ.